ಆಪರೇಷನ್ ಆಗಿದೆ ಅಂದರೆ ಸಬಲೀಕರಣ ಆಯ್ತಾ? – ಒಂದು ಅಧ್ಯಯನ ಟಿಪ್ಪಣಿ

ಗರ್ಭನಿರೋಧಕ ಬಳಕೆ ಮತ್ತು ಗ್ರಾಮೀಣ ಮಹಿಳೆಯರ ಸಬಲೀಕರಣ ಅಂತ ಪ್ರಶ್ನೆ ಬಂದರೆ ನಮ್ಮಲ್ಲಿ ತುಂಬಾ ಜನ ಬರೆಯುವುದು ಒಂದೇ ಸಾಲು: ಬಳಕೆ ಹೆಚ್ಚಾಗಿದೆ, ಆದ್ದರಿಂದ ಮಹಿಳೆ ಸಬಲಳಾಗಿದ್ದಾಳೆ. ನಾನೂ ಮೊದಲ ಸಲ ಹಾಗೇ ಬರೆದು ಅಂಕ ಕಳೆದುಕೊಂಡೆ. ಈ ಟಿಪ್ಪಣಿ ಇರುವುದೇ ಆ 'ಆದ್ದರಿಂದ'ದ ಬಗ್ಗೆ.

ಮೊದಲು ಕರ್ನಾಟಕದ ಅಂಕಿ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ (2019-21) ರಾಜ್ಯದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪೈಕಿ ಶೇ 68.7ರಷ್ಟು ಮಂದಿಗೆ ಯಾವುದಾದರೂ ಒಂದು ವಿಧಾನ ಇದೆ. ಚೆನ್ನಾಗಿದೆ ಅನ್ನಿಸುತ್ತೆ ಅಲ್ವಾ? ಆದರೆ ಅದರಲ್ಲಿ 57.4 ಬರೀ ಹೆಂಗಸರ ಆಪರೇಷನ್, ಅಂದರೆ ಸಂತಾನಹರಣ ಚಿಕಿತ್ಸೆ. ಅಂದರೆ ಬಳಸುವ ನೂರು ಜನರಲ್ಲಿ ಸುಮಾರು 84 ಮಂದಿಯದು ಒಂದೇ ದಾರಿ, ಅದೂ ವಾಪಸ್ ಬರಲಾಗದ ದಾರಿ. ವಂಕಿ (ಕಾಪರ್-ಟಿ), ಮಾಲಾ-ಎನ್ ಮಾತ್ರೆ, ನಿರೋಧ್ ಎಲ್ಲ ಸೇರಿದರೂ ಉಳಿದ ಚೂರು ಮಾತ್ರ. ಗಂಡಸರ ಆಪರೇಷನ್ ಇಡೀ ದೇಶದಲ್ಲೇ ಶೇ 0.3. ನಮ್ಮ ರಾಜ್ಯದಲ್ಲಿ ಅದೂ ಇಲ್ಲ, ಹೆಚ್ಚುಕಮ್ಮಿ ಸೊನ್ನೆ.

ಇನ್ನೊಂದು ತಮಾಷೆ. ರಾಜ್ಯದ ಬಳಕೆ 3ನೇ ಸುತ್ತಿನಲ್ಲಿ 63.6 ಇತ್ತು, 4ರಲ್ಲಿ 51.8ಕ್ಕೆ ಇಳಿಯಿತು, 5ರಲ್ಲಿ 68.7ಕ್ಕೆ ಜಿಗಿಯಿತು. ಇದೇ ಹೊತ್ತಿನಲ್ಲಿ ಹೆರಿಗೆ ದರ (ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಅನ್ನುವ ಲೆಕ್ಕ) ಮಾತ್ರ 2.1, 1.8, 1.7 ಅಂತ ಸದ್ದಿಲ್ಲದೆ ಇಳಿಯುತ್ತಲೇ ಬಂತು. ಬಳಕೆ ಅಷ್ಟು ಕುಸಿದಿದ್ದರೆ ಮಕ್ಕಳು ಜಾಸ್ತಿ ಆಗಬೇಕಿತ್ತು. ಹಾಗಾಗಿ 4ರಿಂದ 5ಕ್ಕೆ ಏರಿದ್ದನ್ನಷ್ಟೇ ತೋರಿಸಿ 'ಐದು ವರ್ಷದಲ್ಲಿ ಕ್ರಾಂತಿ' ಅಂತ ಬರೆಯಬೇಡಿ. ನಡುವಿನ ಆ ತಗ್ಗನ್ನೇ ನಾನು ಅಷ್ಟಾಗಿ ನಂಬುವುದಿಲ್ಲ.

ಈಗ ಸಬಲೀಕರಣ. ಅರ್ಥಶಾಸ್ತ್ರಜ್ಞೆ ನೈಲಾ ಕಬೀರ್ 1999ರಲ್ಲಿ ಇದನ್ನು ಮೂರು ಭಾಗ ಮಾಡಿದರು: ಕೈಯಲ್ಲಿರುವ ಸಂಪನ್ಮೂಲ, ತಾನೇ ನಿರ್ಧರಿಸುವ ಶಕ್ತಿ, ಕೊನೆಗೆ ಸಿಗುವ ಫಲ. ಗರ್ಭನಿರೋಧಕ ಬಳಕೆ ಮೂರನೆಯದಕ್ಕೆ ಸೇರುತ್ತದೆ. ನಾವು ಅದನ್ನು ನೋಡಿ ಎರಡನೆಯದೂ ಇದ್ದೇ ಇರುತ್ತೆ ಅಂದುಕೊಂಡುಬಿಡುತ್ತೇವೆ. ಎಡವುವುದು ಅಲ್ಲೇ.

ಸಮೀಕ್ಷೆಯವರು ನಿರ್ಧಾರವನ್ನೂ ಕೇಳುತ್ತಾರೆ. ನಿಮ್ಮ ಆರೋಗ್ಯದ ಬಗ್ಗೆ ತೀರ್ಮಾನ ಯಾರದು – ನಿಮ್ಮದಾ, ಗಂಡನದಾ, ಇಬ್ಬರದಾ, ಬೇರೆಯವರದಾ? 'ನಾನೇ' ಅಂದರೂ, 'ಇಬ್ಬರೂ ಸೇರಿ' ಅಂದರೂ ಲೆಕ್ಕದಲ್ಲಿ ಅವಳು ಪಾಲ್ಗೊಂಡವಳೇ. ನಮ್ಮ ಫೀಲ್ಡ್‌ವರ್ಕ್‌ನಲ್ಲಿ ಎರಡನೇ ಬಾಣಂತನಕ್ಕೆ ತವರಿಗೆ ಬಂದಿದ್ದ ಒಬ್ಬಳು ಸಿಕ್ಕಳು. ಹೆರಿಗೆ ಜೊತೆಗೇ ಆಪರೇಷನ್ ಆಗಿತ್ತು. ಯಾರು ನಿರ್ಧರಿಸಿದ್ದು ಅಂತ ಕೇಳಿದರೆ 'ಇಬ್ಬರೂ' ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮಾತು ಬಿಚ್ಚಿಕೊಂಡಿತು: 'ನಮ್ಮತ್ತೆ, ನಮ್ಮಮ್ಮ ಇಬ್ಬರೂ ಮಾತಾಡ್ಕೊಂಡ್ರು ಮೇಡಂ. ಗಂಡು ಮಗು ಆಯ್ತಲ್ಲ, ಇಲ್ಲೇ ಮುಗಿಸಿಬಿಡು ಅಂದ್ರು. ನಾನೂ ಹೂಂ ಅಂದೆ.' ನಾನು 'ಇಬ್ಬರೂ' ಅಂದರೆ ಗಂಡ ಹೆಂಡತಿ ಅಂದುಕೊಂಡಿದ್ದೆ!

ಅದೇ ಊರಲ್ಲಿ ಇನ್ನೊಬ್ಬಾಕೆ ಮೂರು ತಿಂಗಳಿಗೊಮ್ಮೆ ಉಪಕೇಂದ್ರಕ್ಕೆ ಹೋಗಿ ಗರ್ಭ ತಡೆಯುವ ಅಂತರಾ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಹೇಳಿದ್ದು 'ರಕ್ತ ಕಮ್ಮಿ ಇದೆ, ಅದಕ್ಕೆ ಸೂಜಿ' ಅಂತ. ಆಶಾ ಅಕ್ಕನಿಗೆ ಮಾತ್ರ ಗೊತ್ತು. ಪ್ರಶ್ನಾವಳಿಯಲ್ಲಿ ಆಕೆ ಕೊಟ್ಟ ಉತ್ತರ 'ಎಲ್ಲ ನಮ್ಮ ಯಜಮಾನರದೇ'. ಕಾಗದದ ಮೇಲೆ ಮೊದಲನೆಯವಳು ಸಬಲೆ, ಇವಳು ಅಲ್ಲ. ನನಗಂತೂ ಉಲ್ಟಾ ಕಂಡಿತು. ಆದರೆ ಇವಳದ್ದನ್ನು ತೀರಾ ಹಾಡಿ ಹೊಗಳುವುದೂ ಬೇಡ. ಕದ್ದುಮುಚ್ಚಿ ಮಾಡಬೇಕಾಗಿ ಬಂತಲ್ಲ, ಆ ಮನೆಯಲ್ಲಿ ಮಾತಾಡೋಕೆ ಜಾಗ ಇಲ್ಲ ಅಂತ ಅರ್ಥ.

ಅಂತರಾ ಮತ್ತು ಛಾಯಾ ಮಾತ್ರೆ ಸರ್ಕಾರಿ ವ್ಯವಸ್ಥೆಗೆ ಬಂದಿದ್ದು 2017ರಲ್ಲಿ. ಛಾಯಾದಲ್ಲಿ ಹಾರ್ಮೋನ್ ಇಲ್ಲ, ಲಖನೌದಲ್ಲಿ ಕಂಡುಹಿಡಿದ ಔಷಧಿ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಅಂತರಾ ತಗೊಂಡರೆ ಮುಟ್ಟು ಏರುಪೇರಾಗಬಹುದು, ಕೆಲವರಿಗೆ ನಿಂತೇ ಹೋಗುತ್ತದೆ. 'ಕೆಟ್ಟ ರಕ್ತ ಒಳಗೇ ಉಳಿಯುತ್ತೆ' ಅಂತ ಹೆದರಿ ಬಿಡುವವರಿದ್ದಾರೆ. ಹಾಗೇನೂ ಉಳಿಯಲ್ಲ ಅಂತ ಮೊದಲ ಸೂಜಿಗೆ ಮುಂಚೆಯೇ ಹೇಳಬೇಕು. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆ ಅನ್ನುವುದನ್ನೂ ಹೇಳಬೇಕು.

ಎಲ್ಲ ಭಾರ ಹೆಂಗಸರ ಮೇಲೆ ಯಾಕೆ ಬಿತ್ತು? ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು, ದೇಶದ ಕಾರ್ಯಕ್ರಮ 1952ರಲ್ಲಿ ಶುರುವಾಯಿತು. ತುರ್ತು ಪರಿಸ್ಥಿತಿಯ ಒಂದೇ ವರ್ಷದಲ್ಲಿ (1976-77) 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಆಯಿತು, ಎಷ್ಟೋ ಕಡೆ ಬಲವಂತದಿಂದ. ಆ ಸಿಟ್ಟು ಸರ್ಕಾರವನ್ನೇ ಉರುಳಿಸಿತು. ಮತ್ತೆ ಗಂಡಸರ ತಂಟೆಗೆ ಹೋಗೋಕೆ ಯಾರಿಗೂ ಧೈರ್ಯ ಬರಲಿಲ್ಲ, ಟಾರ್ಗೆಟ್ ಪೂರ್ತಿ ಹೆಂಗಸರ ಕಡೆ ತಿರುಗಿತು. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಒಂದು ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಇಂಥ ಕ್ಯಾಂಪ್ ನಿಲ್ಲಿಸಿ ಅಂದಿತು.

ಗಂಡಸರದು ಸಣ್ಣ ಆಪರೇಷನ್, ಹೊಲಿಗೆಯೂ ಬೇಕಿಲ್ಲ. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿದರೆ ಮುಗಿಯಿತು. ಆದರೂ ಊರಲ್ಲಿ ಕೇಳಿ ನೋಡಿ, 'ಮೂಟೆ ಹೊರೋಕಾಗಲ್ಲ, ಶಕ್ತಿ ಹೋಗುತ್ತೆ' ಅಂತಾರೆ. ಮೂಟೆ ಹೊರುವ ಹೆಂಗಸರನ್ನು ಮಾತ್ರ ಯಾರೂ ಕೇಳಲ್ಲ.

ಕೊನೆಗೊಂದು ನಿಯಮ, ಬರೆದಿಟ್ಟುಕೊಳ್ಳಿ. ಆಪರೇಷನ್‌ಗೆ ಮಹಿಳೆಗೆ ಮದುವೆಯಾಗಿರಬೇಕು, ವಯಸ್ಸು 22 ದಾಟಿರಬೇಕು, ಒಂದು ವರ್ಷ ಮೀರಿದ ಒಂದಾದರೂ ಮಗು ಇರಬೇಕು. ಸರ್ಕಾರದ ಮಾರ್ಗಸೂಚಿಯಲ್ಲಿ ಗಂಡನ ಒಪ್ಪಿಗೆ ಕಡ್ಡಾಯ ಇಲ್ಲ. ನಾವು ಹೋಗಿದ್ದ ಒಂದು ಆಸ್ಪತ್ರೆಯ ಕೌಂಟರ್‌ನಲ್ಲಿ ಮಾತ್ರ ಫಾರಂ ಕೊಡುವಾಗಲೇ ಹೇಳುತ್ತಿದ್ದರು: 'ಯಜಮಾನರ ಸೈನ್ ಹಾಕಿಸ್ಕೊಂಡು ಬಾರಮ್ಮ.'