ತೆರವು ನೋಟಿಸ್: ಮಾಲೀಕರ ಕಾಗದಕ್ಕೆ ಎಷ್ಟು ಬಲವಿದೆ?

ಬೆಂಗಳೂರಿನ ಬಾಡಿಗೆದಾರರಿಗೆ ‘ಮನೆ ಖಾಲಿ ಮಾಡಿ’ ಎಂಬ ಮಾತು ಹಲವು ದಾರಿಯಲ್ಲಿ ಬರುತ್ತದೆ. ಮೆಟ್ಟಿಲ ಬಳಿ ಸಿಕ್ಕಾಗ ಮಾಲೀಕರು ಬಾಯಿಮಾತಿನಲ್ಲಿ ಹೇಳಬಹುದು, ರಾತ್ರಿ ವಾಟ್ಸ್ಆ್ಯಪ್ ಸಂದೇಶ ಕಳುಹಿಸಬಹುದು, ಮನೆ ತೋರಿಸಿದ್ದ ಬ್ರೋಕರ್‌ನಿಂದ ಫೋನ್ ಮಾಡಿಸಬಹುದು, ಇಲ್ಲವೇ ವಕೀಲರ ಮೂಲಕ ಲಕೋಟೆ ಕಳುಹಿಸಬಹುದು. ಮಕ್ಕಳ ಶಾಲೆ, ಕೆಲಸದ ದೂರ, ಸಿಲುಕಿಕೊಂಡಿರುವ ಅಡ್ವಾನ್ಸ್ ಹಣ ಇವೆಲ್ಲ ಒಮ್ಮೆಗೇ ತಲೆಗೆ ಬರುವುದರಿಂದ ನಾಲ್ಕೂ ಒಂದೇ ರೀತಿಯ ಭಯ ಹುಟ್ಟಿಸುತ್ತವೆ. ಕಾನೂನು ಮಾತ್ರ ಈ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಮೊದಲ ಮೂರು ಸಾಮಾನ್ಯವಾಗಿ ತೆರವು ನೋಟಿಸ್ ಎನಿಸಿಕೊಳ್ಳುವುದಿಲ್ಲ. ವಕೀಲರ ಪತ್ರಕ್ಕೂ ಕ್ರಮಬದ್ಧವಾಗಿದ್ದರಷ್ಟೇ ಬೆಲೆ.

ತೆರವು ನೋಟಿಸ್ ಎಂದರೆ, ನಮ್ಮ ನಡುವಿನ ಬಾಡಿಗೆ ವ್ಯವಹಾರವನ್ನು ಇಂಥ ದಿನಕ್ಕೆ ಮುಗಿಸುತ್ತಿದ್ದೇನೆ, ಆ ದಿನ ಸ್ವಾಧೀನ ಬಿಟ್ಟುಕೊಡಿ ಎಂದು ಮಾಲೀಕರು ಬಾಡಿಗೆದಾರರಿಗೆ ಕೊಡುವ ಲಿಖಿತ ಸೂಚನೆ. ಅದರ ಕೆಲಸ ಬಾಡಿಗೆ ಸಂಬಂಧವನ್ನು ಕೊನೆಗೊಳಿಸುವುದಷ್ಟೇ. ಮನೆಯೊಳಗಿನ ಜನರನ್ನೂ ಸಾಮಾನನ್ನೂ ಹೊರಹಾಕುವ ಅಧಿಕಾರ ಆ ಕಾಗದಕ್ಕಿಲ್ಲ, ಅದನ್ನು ಬರೆದವರಿಗೂ ಇಲ್ಲ. ಅದು ಇರುವುದು ನ್ಯಾಯಾಲಯಕ್ಕೆ. ಈ ಒಂದು ವ್ಯತ್ಯಾಸ ತಿಳಿಯದೆ, ಕೈಗೆ ಕಾಗದ ಬಂದ ವಾರದಲ್ಲೇ ಸಿಕ್ಕ ಮನೆಗೆ ದುಬಾರಿ ಬಾಡಿಗೆ ಒಪ್ಪಿ ಓಡುವ ಕುಟುಂಬಗಳು ಈ ನಗರದಲ್ಲಿ ಬಹಳ. ಅದಕ್ಕಾಗಿಯೇ ಈ ವಿಷಯವನ್ನು ಬಿಡಿಸಿ ಹೇಳಬೇಕು ಅನ್ನಿಸುತ್ತದೆ.

ನೋಟಿಸಿನ ನಿಯಮ ಇರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂನಲ್ಲಿ. ಬೇರೆ ಕರಾರು ಇಲ್ಲದಿದ್ದರೆ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುತ್ತದೆ ಎಂದು ಕಾನೂನು ಭಾವಿಸುತ್ತದೆ. ಅದನ್ನು ಮುಗಿಸಲು ಯಾವ ಕಡೆಯವರಾದರೂ 15 ದಿನಗಳ ನೋಟಿಸ್ ಕೊಡಬೇಕು. ಕೃಷಿ ಅಥವಾ ತಯಾರಿಕೆಯ ಉದ್ದೇಶದ ಗುತ್ತಿಗೆಗೆ ಈ ಅವಧಿ ಆರು ತಿಂಗಳು. ನೋಟಿಸ್ ಬರಹದಲ್ಲಿರಬೇಕು. ಕೊಡುವವರದ್ದೋ ಅವರ ಪರವಾಗಿ ಕೊಡುವವರದ್ದೋ ಸಹಿ ಇರಬೇಕು. ಅಂಚೆಯಲ್ಲಿ ಬರಬೇಕು, ಇಲ್ಲವೇ ಬಾಡಿಗೆದಾರರ ಕೈಗೆ ಅಥವಾ ಅವರ ಮನೆಯಲ್ಲಿ ಕುಟುಂಬದವರ, ಕೆಲಸದವರ ಕೈಗೆ ತಲುಪಬೇಕು. ಹಾಗೆ ತಲುಪಿಸುವುದು ಸಾಧ್ಯವೇ ಆಗದಿದ್ದಾಗ ಮಾತ್ರ ಮನೆಯ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು.

ವಾಟ್ಸ್ಆ್ಯಪ್‌ನಲ್ಲಿ ಬಂದ ‘ಈ ತಿಂಗಳ ಕೊನೆಗೆ ಬಿಡಿ’ ಎಂಬ ಸಾಲು ಈ ಕ್ರಮಕ್ಕೆ ಹೊಂದುವುದಿಲ್ಲ. ಹಾಗೆಂದು ಅದನ್ನು ಅಳಿಸಿಹಾಕಬೇಡಿ. ಕರಾರಿನಲ್ಲಿ ಇಮೇಲ್ ಅಥವಾ ಸಂದೇಶದ ಮೂಲಕ ನೋಟಿಸ್ ಕೊಡಬಹುದೆಂದು ಬರೆದಿದ್ದರೆ ಲೆಕ್ಕ ಬದಲಾಗುತ್ತದೆ. ಮುಂದೆ ಬೆದರಿಕೆ, ಒತ್ತಡದ ಪ್ರಶ್ನೆ ಎದ್ದರೆ ಅದೇ ಸಂದೇಶ ನಿಮ್ಮ ಪರವಾದ ಸಾಕ್ಷ್ಯವೂ ಆಗಬಹುದು. ಅಂಚೆಯಲ್ಲಿ ಬಂದ ಪತ್ರವನ್ನು ‘ಬೇಡ’ ಎಂದು ವಾಪಸ್ ಕಳುಹಿಸುವುದಂತೂ ಬುದ್ಧಿವಂತಿಕೆಯಲ್ಲ. ಸರಿಯಾದ ವಿಳಾಸಕ್ಕೆ ಕಳುಹಿಸಿದ ಪತ್ರವನ್ನು ನಿರಾಕರಿಸಿದರೆ ಅದು ತಲುಪಿದೆ ಎಂದೇ ನ್ಯಾಯಾಲಯ ಸಾಮಾನ್ಯವಾಗಿ ಭಾವಿಸುತ್ತದೆ. ಒಳಗೆ ಏನು ಬರೆದಿದ್ದಾರೆ ಎಂಬುದು ಮಾತ್ರ ನಿಮಗೆ ತಿಳಿಯದೆ ಉಳಿಯುತ್ತದೆ.

ದಿನಗಳ ಎಣಿಕೆಯಲ್ಲಿ ಎರಡೂ ಕಡೆಯವರು ಎಡವುತ್ತಾರೆ. 15 ದಿನ ಶುರುವಾಗುವುದು ನೋಟಿಸ್ ಬರೆದ ದಿನದಿಂದಲ್ಲ, ಅದು ಕೈಸೇರಿದ ದಿನದಿಂದ. ಆದ್ದರಿಂದ ಲಕೋಟೆಯನ್ನು ಜೋಪಾನ ಮಾಡಿ, ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಮಾರ್ಚ್ 5ಕ್ಕೆ ತಲುಪಿದ ನೋಟಿಸ್ ‘ಮಾರ್ಚ್ 12ರೊಳಗೆ ಖಾಲಿ ಮಾಡಿ’ ಎಂದು ಹೇಳಿದರೆ ಅವಧಿ ಕಡಿಮೆಯಾಯಿತು, ಅದು ದೋಷ. ಆ ದೋಷದಿಂದ ಬಾಡಿಗೆದಾರರಿಗೆ ಎಷ್ಟು ಲಾಭವಾಗುತ್ತದೆ ಎಂಬುದನ್ನು ಮಾತ್ರ ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಹಿಂದೆ ಒಂದು ದಿನದ ವ್ಯತ್ಯಾಸಕ್ಕೂ ಮಾಲೀಕರ ದಾವೆ ಬಿದ್ದುಹೋಗುತ್ತಿತ್ತು. 2002ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ನೋಟಿಸಿನಲ್ಲಿ ಕಡಿಮೆ ಅವಧಿ ನಮೂದಾಗಿದ್ದರೂ ಕಾನೂನು ಹೇಳಿದ ಪೂರ್ಣ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ, ಆ ಒಂದೇ ಕಾರಣಕ್ಕೆ ನೋಟಿಸ್ ಅಸಿಂಧುವಾಗುವುದಿಲ್ಲ. ಸಾಮಾನ್ಯ ಕಾನೂನಿನಡಿ ಹೂಡುವ ತೆರವಿನ ದಾವೆಯೇ ಬಾಡಿಗೆದಾರರಿಗೆ ಕೊಟ್ಟ ನೋಟಿಸ್ ಎಂದು ಸುಪ್ರೀಂ ಕೋರ್ಟ್ ನೊಪಾನಿ ಇನ್ವೆಸ್ಟ್‌ಮೆಂಟ್ಸ್ ಪ್ರಕರಣದಲ್ಲಿ ಹೇಳಿದ್ದೂ ಇದೆ. ಹೀಗಾಗಿ ದೋಷಯುಕ್ತ ನೋಟಿಸ್ ನಿಮಗೆ ಸಮಯ ಕೊಡುತ್ತದೆ, ಮಾತುಕತೆಗೆ ನೆಲೆ ಕೊಡುತ್ತದೆ. ಅದನ್ನೇ ನಂಬಿಕೊಂಡು ವರ್ಷಗಟ್ಟಲೆ ಇರಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಾಡಿಗೆ ಸಂಬಂಧ ಕೊನೆಗೊಂಡ ಮೇಲೂ ಉಳಿದರೆ, ಆ ಅವಧಿಗೆ ಹಳೆಯ ಬಾಡಿಗೆಯ ಬದಲು ಮಾರುಕಟ್ಟೆ ದರದಲ್ಲಿ ಪರಿಹಾರ ಕಟ್ಟಬೇಕಾಗಿ ಬರಬಹುದು.

106ನೇ ಕಲಂನ 15 ದಿನ ಅನ್ವಯವಾಗುವುದು ಕರಾರು ಬೇರೆ ಹೇಳದಿದ್ದಾಗ ಎಂಬುದನ್ನು ಮರೆಯಬಾರದು. ನಮ್ಮ ನಗರದ ಕರಾರು ಪತ್ರಗಳಲ್ಲಿ ಒಂದು, ಎರಡು ಅಥವಾ ಮೂರು ತಿಂಗಳ ನೋಟಿಸ್ ಎಂದು ಬರೆದಿರುವುದೇ ಹೆಚ್ಚು. ಹಾಗಿದ್ದರೆ ಮಾಲೀಕರು ಅದಕ್ಕೆ ಬದ್ಧರು. ಮೊದಲು ಓದಬೇಕಾದ ಕಾಗದ ವಕೀಲರ ನೋಟಿಸ್ ಅಲ್ಲ, ಬೀರುವಿನಲ್ಲಿರುವ ನಿಮ್ಮ ಕರಾರು.

ಆ ಕರಾರು ಬಹುತೇಕ ಹನ್ನೊಂದು ತಿಂಗಳಿನದಾಗಿರುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ಅದೇ ಕಾಯ್ದೆಯ 107ನೇ ಕಲಂ ಪ್ರಕಾರ ನೋಂದಣಿ ಕಡ್ಡಾಯವಾದ್ದರಿಂದ ಬಂದ ರೂಢಿ ಇದು. ಹನ್ನೊಂದು ತಿಂಗಳು ಮುಗಿದ ದಿನವೇ, ಯಾವ ನೋಟಿಸೂ ಇಲ್ಲದೆ, ಅವಧಿ ತೀರಿದ ಕಾರಣಕ್ಕೆ ಬಾಡಿಗೆ ಕೊನೆಗೊಳ್ಳುತ್ತದೆ. ಬಹಳ ಜನರಿಗೆ ಇದು ಗೊತ್ತಿರುವುದಿಲ್ಲ. ಅವಧಿ ಮುಗಿದ ಮೇಲೂ ನೀವು ಉಳಿದು, ಮಾಲೀಕರು ಎಂದಿನಂತೆ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ 116ನೇ ಕಲಂ ನೆರವಿಗೆ ಬರುತ್ತದೆ. ಆಗ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ, ಅದನ್ನು ಮುಗಿಸಲು ಮತ್ತೆ ನೋಟಿಸ್ ಬೇಕು. ಹಳೆಯ ಕರಾರನ್ನು ನವೀಕರಿಸದೆ ನಾಲ್ಕೈದು ವರ್ಷಗಳಿಂದ ಒಂದೇ ಮನೆಯಲ್ಲಿರುವವರು ನಿಂತಿರುವುದು ಈ ನೆಲೆಯ ಮೇಲೆ. ಮೂರು ವರ್ಷಕ್ಕೆಂದು ಬರೆದು ನೋಂದಾಯಿಸದೆ ಬಿಟ್ಟ ಕರಾರಿನವರ ಸ್ಥಿತಿಯೂ ಹೆಚ್ಚು ಕಡಿಮೆ ಇದೇ. ಕಾಗದದಲ್ಲಿ ಮೂರು ವರ್ಷವಿದ್ದರೂ ಕಾನೂನು ಅದನ್ನು ತಿಂಗಳ ಬಾಡಿಗೆಯಂತೆಯೇ ಕಾಣುತ್ತದೆ.

ಮನೆ ಮಾರಾಟವಾಯಿತು, ಹೊಸ ಮಾಲೀಕರಿಗೂ ನಿಮಗೂ ಕರಾರಿಲ್ಲ, ಆದ್ದರಿಂದ ನಾಳೆಯೇ ಬಿಡಿ ಎಂಬ ವಾದ ಆಗಾಗ ಕೇಳಿಬರುತ್ತದೆ. ಇದು ತಪ್ಪು. 109ನೇ ಕಲಂ ಪ್ರಕಾರ ಕೊಂಡವರು ಹಳೆಯ ಮಾಲೀಕರ ಹಕ್ಕುಗಳ ಜೊತೆಗೆ ಅವರ ಸ್ಥಾನಕ್ಕೇ ಬರುತ್ತಾರೆ. ಮಾರಾಟದಿಂದ ಬಾಡಿಗೆ ತಾನಾಗಿ ಮುಗಿಯುವುದಿಲ್ಲ.

ಇನ್ನು ನನಗೆ ಅತ್ಯಂತ ಮುಖ್ಯವೆನಿಸುವ ಭಾಗ. ನೋಟಿಸ್ ಸರಿಯಾಗಿದ್ದು, ಅವಧಿ ಮುಗಿದು, ಬಾಡಿಗೆದಾರರು ಬಿಡದಿದ್ದರೂ ಮಾಲೀಕರಿಗೆ ಉಳಿದಿರುವುದು ನ್ಯಾಯಾಲಯದ ದಾರಿ ಮಾತ್ರ. ಬೆಂಗಳೂರಿನಲ್ಲಿ ಇಂಥ ದಾವೆಗಳು ಸಾಮಾನ್ಯವಾಗಿ ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ವಿಚಾರಣೆ ನಡೆದು ಡಿಕ್ರಿಯಾಗಿ (ತೆರವಿನ ತೀರ್ಪಾಗಿ), ಅದರ ಜಾರಿಗೆ ಅರ್ಜಿ ಹಾಕಿ, ನ್ಯಾಯಾಲಯದ ಅಮೀನರು ಬಂದು ಸ್ವಾಧೀನ ಕೊಡಿಸಬೇಕು. ಅದಕ್ಕೂ ಮೊದಲು ನೀವು ಊರಿಗೆ ಹೋಗಿದ್ದಾಗ ಬೀಗ ಬದಲಿಸುವುದು, ಸಾಮಾನನ್ನು ಕಾರ್ ಪಾರ್ಕಿಂಗ್‌ಗೆ ತಂದು ಹಾಕುವುದು, ಮೋಟಾರ್ ಸ್ವಿಚ್ ಆರಿಸಿ ಮೇಲಿನ ತೊಟ್ಟಿಗೆ ನೀರು ಹತ್ತದಂತೆ ಮಾಡುವುದು, ಮೀಟರ್ ಫ್ಯೂಸ್ ಕೀಳುವುದು ಇವು ಯಾವುವೂ ಮಾಲೀಕತ್ವದ ಹಕ್ಕಿನೊಳಗೆ ಬರುವುದಿಲ್ಲ.

ನೆಲೆಗೊಂಡ ಸ್ವಾಧೀನದಲ್ಲಿರುವ ವ್ಯಕ್ತಿಗೆ ಅಲ್ಲಿರಲು ಹಕ್ಕಿಲ್ಲವೆಂದೇ ಇಟ್ಟುಕೊಂಡರೂ, ಕಾನೂನಿನ ಕ್ರಮದಿಂದಲ್ಲದೆ ಮಾಲೀಕರು ಅವರನ್ನು ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಕೃಷ್ಣ ರಾಮ್ ಮಹಾಳೆ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಕರ್ನಾಟಕದಿಂದ ಮೇಲ್ಮನವಿಯಾಗಿ ಹೋದ ರಾಮೇಗೌಡ ಪ್ರಕರಣದಲ್ಲಿ, 2003ರ ಡಿಸೆಂಬರ್‌ನಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಅದು ಬಾಡಿಗೆಯ ವ್ಯಾಜ್ಯವಲ್ಲ, ಅಕ್ಕಪಕ್ಕದ ಜಾಗದವರ ಜಗಳ. ಆದರೆ ಶಾಂತಿಯುತ ಸ್ವಾಧೀನವನ್ನು ಬಲದಿಂದ ಕಿತ್ತುಕೊಳ್ಳುವಂತಿಲ್ಲ ಎಂಬ ತತ್ವ ಬಾಡಿಗೆದಾರರಿಗೂ ರಕ್ಷೆ. ವಿದ್ಯುತ್ ಮೂಲಭೂತ ಸೌಕರ್ಯ, ಮಾಲೀಕರು ನಿರಾಕ್ಷೇಪಣಾ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು 2022ರ ದಿಲೀಪ್ ವಿರುದ್ಧ ಸತೀಶ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಬಲವಂತವಾಗಿ ಹೊರಹಾಕಿಯೇ ಬಿಟ್ಟರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಅಲ್ಲಿ ಮನೆ ಯಾರದ್ದು ಎಂಬ ಚರ್ಚೆಗೆ ಜಾಗವಿಲ್ಲ. ನೀವು ಸ್ವಾಧೀನದಲ್ಲಿದ್ದಿರಾ, ಒಪ್ಪಿಗೆಯಿಲ್ಲದೆ, ಕಾನೂನಿನ ಕ್ರಮವಿಲ್ಲದೆ ನಿಮ್ಮನ್ನು ಹೊರಹಾಕಲಾಯಿತೆ ಎಂಬುದಷ್ಟೇ ಪ್ರಶ್ನೆ. ಆರು ತಿಂಗಳ ಗಡುವು ಮೀರಿದರೆ ಈ ಸರಳ ದಾರಿ ಮುಚ್ಚುತ್ತದೆ. ಹೊರಹಾಕುವ ಬೆದರಿಕೆ ಮಾತ್ರ ಇರುವಾಗ, ಕಾನೂನಿನ ಕ್ರಮದ ಹೊರತು ತೆರವುಗೊಳಿಸದಂತೆ ತಡೆಯಾಜ್ಞೆ ಕೇಳಬಹುದು. ಬೀಗ ಒಡೆದು ನುಗ್ಗಿದರೆ, ದಾರಿ ಅಡ್ಡಗಟ್ಟಿದರೆ, ಬೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಅತಿಕ್ರಮ ಪ್ರವೇಶ, ಅಕ್ರಮ ತಡೆ, ಕ್ರಿಮಿನಲ್ ಬೆದರಿಕೆಯ ಕಲಂಗಳು ಇವೆ. ಆ ಹೊತ್ತಿಗೆ 112ಕ್ಕೆ ಕರೆ ಮಾಡಿ. ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಎಂದು ಹೇಳಿ ಕಳುಹಿಸಲು ನೋಡಿದರೂ, ದೂರನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ವಾಸದ ಮನೆಗಳು ಅದರ ವ್ಯಾಪ್ತಿಯ ಹೊರಗೆ. ಇಂದಿನ ಬಾಡಿಗೆಗಳನ್ನು ನೋಡಿದರೆ ಆ ಕಾಯ್ದೆಯ ರಕ್ಷಣೆ ಉಳಿದಿರುವುದು ಚಾಮರಾಜಪೇಟೆ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳ ಕೆಲವು ಹಳೆಯ ಬಾಡಿಗೆದಾರರಿಗೆ. ಅವರನ್ನು ತೆರವುಗೊಳಿಸಲು ಕಾಯ್ದೆಯಲ್ಲಿ ಹೇಳಿರುವ ಕಾರಣಗಳಲ್ಲಿ ಒಂದನ್ನು ಮಾಲೀಕರು ಸಾಬೀತುಪಡಿಸಬೇಕು. ಉಳಿದ ನಮಗೆ ಮಾಲೀಕರು ಕಾರಣವನ್ನೇ ಹೇಳಬೇಕಿಲ್ಲ, ಸರಿಯಾದ ನೋಟಿಸ್ ಸಾಕು. ಲಕ್ಷಾಂತರ ಜನ ಬಾಡಿಗೆ ಮನೆಯಲ್ಲೇ ಬದುಕು ಕಟ್ಟಿಕೊಂಡಿರುವ ನಗರದಲ್ಲಿ ಈ ಮಿತಿಯನ್ನು ಇಷ್ಟು ಕೆಳಗೆ ಇಟ್ಟಿರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತನ್ನು ಕೆಲವರು ಎತ್ತುತ್ತಾರೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂಬುದು ಅದರಲ್ಲಿರುವ ಮಾತು. ಅದು ರಾಜ್ಯಗಳ ಮುಂದಿಟ್ಟ ಮಾದರಿ. ರಾಜ್ಯದ ಶಾಸನವಾಗದೆ ಅದನ್ನು ಹಿಡಿದು ವಾದಿಸಲಾಗದು.

ಪಿ.ಜಿ.ಗಳಲ್ಲಿ ಇರುವವರ ವಿಷಯ ಬೇರೆ. ಹಾಸಿಗೆ ಲೆಕ್ಕದಲ್ಲಿ ಹಣ ಕೊಟ್ಟು ಇರುವುದು ಸಾಮಾನ್ಯವಾಗಿ ಗುತ್ತಿಗೆಯಲ್ಲ, ಬರೀ ಅನುಮತಿ (ಲೈಸೆನ್ಸ್). 106ನೇ ಕಲಂ ಅಲ್ಲಿ ಸಿಗುವುದಿಲ್ಲ. ಆದರೂ ಅನುಮತಿ ಹಿಂಪಡೆದಾಗ ಜಾಗ ಬಿಡಲು, ಸಾಮಾನು ಒಯ್ಯಲು ನ್ಯಾಯವಾದ ಸಮಯ ಕೊಡಬೇಕೆಂದು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ 63ನೇ ಕಲಂ ಹೇಳುತ್ತದೆ. ಇಡೀ ಮನೆಯನ್ನು ಕೊಟ್ಟು, ಕರಾರಿಗೆ ಮಾತ್ರ ‘ಲೀವ್ ಅಂಡ್ ಲೈಸೆನ್ಸ್’ ಎಂದು ಹೆಸರಿಟ್ಟಿದ್ದರೆ ಆ ಹೆಸರೊಂದೇ ನಿರ್ಣಾಯಕವಲ್ಲ, ವ್ಯವಹಾರದ ನಿಜರೂಪವನ್ನು ನ್ಯಾಯಾಲಯ ನೋಡುತ್ತದೆ. ಭೋಗ್ಯಕ್ಕೆ ಮನೆ ಪಡೆದವರು ಲಕ್ಷಗಟ್ಟಲೆ ಹಣ ಒತ್ತೆಯಿಟ್ಟಿರುವುದರಿಂದ, ನೋಟಿಸ್ ಬಂದ ಕೂಡಲೇ ಕರಾರನ್ನು ವಕೀಲರಿಗೆ ತೋರಿಸುವುದು ಒಳ್ಳೆಯದು.

ನೋಟಿಸ್ ಬಂದಾಗ ಬಾಡಿಗೆಯನ್ನು ಮಾತ್ರ ನಿಲ್ಲಿಸಬೇಡಿ. ‘ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲಿ’ ಎಂಬ ಲೆಕ್ಕ ಈ ಊರಿನಲ್ಲಿ ಸಾಮಾನ್ಯ. ಮಾಲೀಕರು ಬರಹದಲ್ಲಿ ಒಪ್ಪದಿದ್ದರೆ ಅದೇ ಬಾಕಿಯಾಗಿ ನಿಮ್ಮ ವಿರುದ್ಧ ನಿಲ್ಲುತ್ತದೆ. ಬ್ಯಾಂಕ್ ಖಾತೆಗೋ ಯು.ಪಿ.ಐ. ಮೂಲಕವೋ, ಯಾವ ತಿಂಗಳ ಬಾಡಿಗೆ ಎಂದು ನಮೂದಿಸಿ, ಹೊತ್ತಿಗೆ ಸರಿಯಾಗಿ ಕಳುಹಿಸಿ. ನೋಟಿಸಿನ ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆಯನ್ನು ಬಾಡಿಗೆಯೆಂದೇ ಸ್ವೀಕರಿಸಿ ಸಂಬಂಧ ಮುಂದುವರಿಸುವ ಉದ್ದೇಶ ತೋರಿಸಿದರೆ, ಆಸ್ತಿ ವರ್ಗಾವಣೆ ಕಾಯ್ದೆಯ 113ನೇ ಕಲಂ ಪ್ರಕಾರ ನೋಟಿಸನ್ನು ಬಿಟ್ಟುಕೊಟ್ಟಂತೆ ಎಂದು ವಾದಿಸಲು ಅವಕಾಶವಿದೆ. ಬರೀ ಹಣ ತೆಗೆದುಕೊಂಡದ್ದು ಮಾತ್ರ ಅದಕ್ಕೆ ಸಾಲದು. ನೋಟಿಸಿಗೆ ಉತ್ತರವನ್ನೂ ಕೊಡಿ. ಯಾವ ದಿನ ತಲುಪಿತು, ಕರಾರಿನಲ್ಲಿ ಎಷ್ಟು ಅವಧಿಯಿದೆ, ಬಾಡಿಗೆ ಎಲ್ಲಿಯವರೆಗೆ ಸಂದಿದೆ, ಎಷ್ಟು ಠೇವಣಿ ಬರಬೇಕು ಎಂಬ ನಾಲ್ಕು ವಿಷಯಗಳು ಸಮಾಧಾನದ ಭಾಷೆಯಲ್ಲಿ ಅದರಲ್ಲಿದ್ದರೆ ಬಹುಪಾಲು ಮಾಲೀಕರು ಮಾತುಕತೆಗೆ ಬರುತ್ತಾರೆ. ಬಿಡಲು ಒಪ್ಪುವುದಾದರೆ ದಿನಾಂಕ, ಬಣ್ಣದ ಖರ್ಚಿನ ಕಡಿತ, ಕೀಲಿ ಕೊಡುವಾಗಲೇ ಠೇವಣಿ ವಾಪಸ್ ಎಂಬುದನ್ನು ಬರೆಸಿ ಇಬ್ಬರೂ ಸಹಿ ಮಾಡಿ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯುವವರು 15100ಕ್ಕೆ ಕರೆ ಮಾಡಬಹುದು, ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಉಳಿದವರಿಗೆ ಆದಾಯ ಮಿತಿಯಿದೆ. ಹೋಗುವಾಗ ಕರಾರು ಪತ್ರ, ನೋಟಿಸ್ ಮತ್ತು ಅದರ ಲಕೋಟೆ, ಬಾಡಿಗೆ ಕಟ್ಟಿದ ದಾಖಲೆಗಳು ಜೊತೆಯಲ್ಲಿರಲಿ.