ಎಂಟು ಬಾಲ್ ಹಾಕಿದವನು ಸೋತದ್ದು ಹೇಗೆ?

ಪ್ರಶ್ನೆ: "ಸರ್, ವರ್ಲ್ಡ್ ಪೂಲ್ ಚಾಂಪಿಯನ್‌ಶಿಪ್ ನೋಡ್ಲಿಕತ್ತಿದ್ವಿ. ಒಬ್ಬಾಂವ ಎಂಟು ಬಾಲ್ ಹಾಕಿದ. ಇನ್ನೊಬ್ಬಾಂವ ಕುರ್ಚಿಯಿಂದ ಎದ್ದು ಬಂದು ಒಂದೇ ಬಾಲ್ ಹಾಕಿ ಗೆದ್ದ. ಇದು ಬರೀ ಲಕ್ಕಿನ ಆಟ ಅಲ್ಲೇನ್ರಿ?"

ಇದಕ್ಕೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಬೆಳಗಾವಿ ಟಿಳಕವಾಡಿಯ ಪೂಲ್ ಪಾರ್ಲರ್‌ನಲ್ಲಿ ಕೇಳ್ತಾರೆ ಸರಿ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಬರೆದಿಟ್ಟರೆ ಇನ್ನು ಮುಂದೆ ಇದನ್ನೇ ತೋರಿಸಬಹುದು.

ನಿಯಮ ಚಿಕ್ಕದು. ಪೂಲ್ ಅಂದರೆ ಟೇಬಲ್ ಮೇಲೆ ಸ್ಟಿಕ್‌ನಿಂದ ಬಿಳಿ ಬಾಲ್ ಹೊಡೆದು, ಉಳಿದ ಬಾಲ್‌ಗಳನ್ನು ಅಂಚಿನ ಪಾಕೆಟ್‌ಗೆ ಬೀಳಿಸೋ ಆಟ. ನೀವು ನೋಡಿದ್ದು ಅದರಲ್ಲೇ ಒಂದು ಬಗೆ, ನೈನ್ ಬಾಲ್. ಅದರಲ್ಲಿ ಟೇಬಲ್ ಮೇಲೆ ಒಂದರಿಂದ ಒಂಬತ್ತರವರೆಗೆ ನಂಬರಿನ ಬಾಲ್ ಇರುತ್ತವೆ. ಬಿಳಿ ಬಾಲ್ ಪ್ರತಿ ಸಲ ಇರುವುದರಲ್ಲಿ ಸಣ್ಣ ನಂಬರನ್ನೇ ಮೊದಲು ಮುಟ್ಟಬೇಕು. ಫೌಲ್ ಮಾಡದೆ ಒಂಬತ್ತನ್ನು ಪಾಕೆಟ್‌ಗೆ ಹಾಕಿದವನಿಗೆ ಆ ಸುತ್ತು, ಪೂಲ್ ಭಾಷೆಯಲ್ಲಿ ಆ ರ‍್ಯಾಕ್. ಒಂದು ರ‍್ಯಾಕ್‌ಗೆ ಒಂದು ಪಾಯಿಂಟ್, ಅಷ್ಟೇ. ಯಾರು ಎಷ್ಟು ಬಾಲ್ ಹಾಕಿದರು ಅಂತ ಬೋರ್ಡಿನಲ್ಲಿ ಬರೆಯೋದೇ ಇಲ್ಲ. 2024ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ಇದೇ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ಫೆಡೋರ್ ಗೋರ್ಸ್ಟ್, ಎಕ್ಲೆಂಟ್ ಕಾಚಿಯನ್ನು 15–14ರಿಂದ ಸೋಲಿಸಿದ. ಅದು ಬಾಲಿನ ಲೆಕ್ಕ ಅಲ್ಲ, ರ‍್ಯಾಕಿನ ಲೆಕ್ಕ. ಎರಡೂವರೆ ಲಕ್ಷ ಡಾಲರ್ ಬಹುಮಾನ ಕೊನೇ ರ‍್ಯಾಕಿನ ಮೇಲೆ ನಿಂತಿತ್ತು.

ಈಗ ಲಕ್ಕಿಗೆ ಬರೋಣ. ಕಳೆದ ಮಳೆಗಾಲದಲ್ಲಿ ನಮ್ಮ ಪಾರ್ಲರ್‌ನ ಒಬ್ಬ ಹುಡುಗ ಒಂದರಿಂದ ಏಳರವರೆಗೆ ಸರಸರ ಹಾಕಿದ. ಎಂಟನೇ ಬಾಲ್ ಪಾಕೆಟ್ ಬಾಯಲ್ಲೇ ಇತ್ತು, ಮೆಲ್ಲಗೆ ತಳ್ಳಿದ್ದರೆ ಸಾಕಿತ್ತು. ಹುಮ್ಮಸ್ಸಿನಲ್ಲಿ ಜೋರಾಗಿ ಹೊಡೆದ. ಎಂಟು ಬಿತ್ತು, ಎಲ್ಲರೂ ಚಪ್ಪಾಳೆ. ಬಿಳಿ ಬಾಲ್ ಮಾತ್ರ ಮೂರು ಕಡೆ ಬಡಿದು ಹೋಗಿ ಟೇಬಲ್‌ನ ಆ ತುದಿಯ ಅಂಚಿನ ಕುಶನ್‌ಗೆ ಅಂಟಿಕೊಂಡಿತು. ಒಂಬತ್ತು ಇರೋದು ಈ ತುದಿಯಲ್ಲಿ. ಹೊಡೆದ, ತಪ್ಪಿತು, ಒಂಬತ್ತು ಪಾಕೆಟ್ ಅಂಚಿಗೆ ಬಂದು ನಿಂತಿತು. ಎದುರಿನವನು ಚಹಾದ ಗ್ಲಾಸ್ ಕೆಳಗಿಟ್ಟು, ಸ್ಟಿಕ್‌ಗೆ ಚಾಕ್ ಕೂಡ ಹಚ್ಚದೆ ಹಾಕಿಬಿಟ್ಟ. "ಲಕ್ ಲಕ್" ಅಂತ ಕೂಗಾಟ.

ಯಾವ ಲಕ್ ಮಾರಾಯ್ರೆ? ಆ ಹುಡುಗ ಸೋತದ್ದು ಒಂಬತ್ತರಲ್ಲಿ ಅಲ್ಲ, ಎಂಟರಲ್ಲಿ. ಬಾಲ್ ಹಾಕೋದು ಇಲ್ಲಿ ಅರ್ಧ ಕೆಲಸ. ಬಿಳಿ ಬಾಲ್ ಎಲ್ಲಿ ನಿಲ್ಲುತ್ತೆ ಅನ್ನೋದು ಉಳಿದರ್ಧ. ಕುಂದಾ ಮಾಡುವವನು ತಾಸುಗಟ್ಟಲೆ ಹಾಲು ಚೆನ್ನಾಗಿ ಕಾಯಿಸಿ ಕೊನೆಗೆ ತಳ ಸೀಯಿಸಿದರೆ, "ಮೊದಲೆಲ್ಲ ಸರಿಯಾಗೇ ಕಾಯಿಸಿದ್ದೆ" ಅಂದರೆ ಯಾರಾದರೂ ದುಡ್ಡು ಕೊಡ್ತಾರಾ?

ಇನ್ನೊಂದು ಮಾತು. ನಮ್ಮೂರಲ್ಲಿ ಜಾಸ್ತಿ ಆಡೋದು ಪೂಲ್‌ನ ಇನ್ನೊಂದು ಬಗೆ, ಎಯ್ಟ್ ಬಾಲ್. ಅಲ್ಲೂ ತನ್ನ ಪಾಲಿನ ಏಳು ಬಾಲ್ ಮುಗಿಸಿ, ಗೆಲ್ಲಲು ಕೊನೆಗೆ ಹಾಕಬೇಕಾದ ಕರಿ ಬಾಲ್ ಹಾಕಲಾರದೆ ಸೋಲುವವರನ್ನು ದಿನಾ ನೋಡ್ತೀವಿ. ಆಗ ಯಾರೂ ಲಕ್ ಅನ್ನಲ್ಲ, "ಕೈ ನಡುಗಿತು" ಅಂತಾರೆ. ಟಿವಿಯಲ್ಲಿ ನೋಡಿದಾಗ ಮಾತ್ರ ಲಕ್!

ಲಕ್ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ನೈನ್ ಬಾಲ್‌ನಲ್ಲಿ ಅಂದಾಜಿಲ್ಲದೆ ಎಲ್ಲೋ ಬಡಿದು ಬಿದ್ದ ಬಾಲ್ ಕೂಡ ನಡೆಯುತ್ತೆ. ಟೆನ್ ಬಾಲ್ ಅನ್ನೋ ಮತ್ತೊಂದು ಬಗೆಯಲ್ಲಾದರೆ ಯಾವ ಬಾಲ್, ಯಾವ ಪಾಕೆಟ್ ಅಂತ ಮೊದಲೇ ಹೇಳಬೇಕು. ಆದರೆ ಅಂಥದ್ದು ಒಂದು ರ‍್ಯಾಕ್ ಕೊಡಿಸಬಹುದು, ಹದಿನೈದು ರ‍್ಯಾಕ್ ಕೊಡಿಸಲ್ಲ. ಅಮೆರಿಕದ ಆಟಗಾರ ಶೇನ್ ವ್ಯಾನ್ ಬೋನಿಂಗ್ ಯುಎಸ್ ಓಪನ್ ನೈನ್ ಬಾಲ್ ಟೂರ್ನಿಯನ್ನು ಐದು ಸಲ ಗೆದ್ದಿದ್ದಾನೆ, ಅದರಲ್ಲಿ 2012, 2013, 2014 ಸಾಲಾಗಿ. ಅವನಿಗಿಂತ ಮೊದಲು ಅರ್ಲ್ ಸ್ಟ್ರಿಕ್‌ಲ್ಯಾಂಡ್ ಕೂಡ ಐದು ಸಲ. ಲಕ್ ಒಬ್ಬನ ಮನೆಗೇ ಇಷ್ಟು ಸಲ ದಾರಿ ಕೇಳ್ಕೊಂಡು ಹೋಗುತ್ತಾ?

ಇನ್ನು, ನೀವು ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ. ಮೊದಲ ದಿನ ಸೋತವನು ಮೂರನೇ ದಿನ ಮತ್ತೆ ಆಡ್ತಾ ಇರೋದನ್ನು ನೋಡಿ "ಇದೇನು ಮೋಸ" ಅಂದುಕೊಳ್ಳಬೇಡಿ. ಅದಕ್ಕೆ ಡಬಲ್ ಎಲಿಮಿನೇಷನ್ ಅಂತಾರೆ. ಜೆಡ್ಡಾದಲ್ಲಿ ಶುರುವಿಗೆ 128 ಜನ. 64ಕ್ಕೆ ಇಳಿಯುವವರೆಗೆ ಎರಡು ಸಲ ಸೋತವನು ಮಾತ್ರ ಮನೆಗೆ. ಒಂದು ಸಲ ಸೋತವನು ಇನ್ನೊಂದು ಪಟ್ಟಿಗೆ ಹೋಗಿ, ತನ್ನ ಹಾಗೇ ಸೋತವರ ಜೊತೆ ಆಡಿ ದಾರಿ ಮಾಡಿಕೊಳ್ಳಬೇಕು. 64ರ ನಂತರ ಆ ಸೌಲಭ್ಯ ಇಲ್ಲ, ಸೋತರೆ ಮುಗೀತು.

ನಮ್ಮ ಹುಡುಗನಿಗೆ ಇದನ್ನು ಹೇಳಿದಾಗ ಅವನ ಕಣ್ಣು ಅರಳಿತು. "ಹಂಗಾದ್ರ ಇನ್ನೊಂದು ಚಾನ್ಸ್ ಐತೇನ್ರಿ?" ಅಂದ. ಕೌಂಟರ್‌ನಲ್ಲಿ ಕೂತಿದ್ದವರು ತಲೆ ಎತ್ತದೆ, "ಐತಿ, ಮೊದಲ ಈ ತಾಸಿನ ಟೇಬಲ್ ರೊಕ್ಕ ಕೊಡು," ಅಂದರು.