ಒಗರು ಎಂಬ ಸ್ಪರ್ಶ: ರಿಯೋಹಾದ ಕೆಂಪು ವೈನ್ ಮತ್ತು ಅದರ ಊಟ

ಉತ್ತರ ಸ್ಪೇನಿನ ಎಬ್ರೊ ನದಿಯ ದಡದಲ್ಲಿರುವ ರಿಯೋಹಾದಲ್ಲಿ, ಚಳಿಗಾಲದಲ್ಲಿ ಸವರಿದ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಕಟ್ಟು ಕಟ್ಟಿ ಒಣಗಿಸಿಟ್ಟು, ಅವುಗಳ ಕೆಂಡದ ಮೇಲೆ ಎಳೆಯ ಕುರಿಮರಿಯ ಪಕ್ಕೆಯ ತುಂಡುಗಳನ್ನು ಸುಡುತ್ತಾರೆ. ಉಪ್ಪು ಬಿಟ್ಟರೆ ಅದಕ್ಕೆ ಹೆಚ್ಚಿನ ಮಸಾಲೆ ಬೇಕಿಲ್ಲ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುರುಗುಟ್ಟುವ ಆ ಮಾಂಸದ ಜೊತೆಗೆ ಅದೇ ನೆಲದ ಕೆಂಪು ವೈನ್ ಕುಡಿಯುವುದು ಅಲ್ಲಿಯ ರೂಢಿ. ಈ ರೂಢಿ ಏಕೆ ಇಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ಅರಿಯಲು ‘ಒಗರು’ ಎಂಬ ನಮ್ಮ ಪದದಿಂದಲೇ ಹೊರಡಬಹುದು.

ನೇರಳೆಹಣ್ಣನ್ನು ಚೀಪಿದ ಮೇಲೆ ನಾಲಿಗೆ ಒಣಗಿ ಬಿಗಿದಂತಾಗುವ ಅನುಭವ ನಮಗೆಲ್ಲ ಇದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಸಿಗುವ ಚೊಗರಿನಲ್ಲಿ ತುಂಬಿರುವುದೂ, ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಕೆಂಪು ವೈನಿಗೆ ಇಳಿಯುವುದೂ ಟ್ಯಾನಿನ್ ಎಂಬ ಒಂದೇ ಬಳಗದ ವಸ್ತುಗಳು. ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳನ್ನು ಗರಣೆಗಟ್ಟಿಸುವುದರಿಂದ ಬಾಯಿಯ ಜಾರುತನ ಕಡಿಮೆಯಾಗಿ, ನಾಲಿಗೆ ಮತ್ತು ಕೆನ್ನೆಯ ಒಳಭಾಗ ಒಂದಕ್ಕೊಂದು ಉಜ್ಜಿದಂತೆ ಭಾಸವಾಗುತ್ತದೆ. ನಮ್ಮ ಹಿರಿಯರು ಒಗರನ್ನು ಷಡ್ರಸಗಳಲ್ಲಿ ಸೇರಿಸಿದ್ದಾರೆ. ಇಂದಿನ ವಿಜ್ಞಾನವಾದರೋ ಅದನ್ನು ರುಚಿಗಿಂತ ಹೆಚ್ಚಾಗಿ ಸ್ಪರ್ಶವೆಂದೇ ಎಣಿಸುತ್ತದೆ.

ರಿಯೋಹಾದ ಮುಖ್ಯ ತಳಿ ಟೆಂಪ್ರನೀಯೊ. ಸ್ಪ್ಯಾನಿಷ್ ಭಾಷೆಯಲ್ಲಿ ‘ಟೆಂಪ್ರಾನೊ’ ಎಂದರೆ ಬೇಗ. ಜೊತೆಗೆ ಬೆಳೆಯುವ ಗಾರ್ನಾಚಾಗಿಂತ ಮೊದಲೇ ಹಣ್ಣಾಗುವುದರಿಂದ ಈ ಹೆಸರು. 19ನೆಯ ಶತಮಾನದಲ್ಲಿ ಫಿಲಾಕ್ಸೆರಾ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳುಮಾಡಿದಾಗ ಅಲ್ಲಿಯ ಬೋರ್ಡೋ ಪ್ರದೇಶದ ವೈನ್ ವ್ಯಾಪಾರಿಗಳು ಇಲ್ಲಿಗೆ ಬಂದರು, ಮತ್ತು 225 ಲೀಟರಿನ ಓಕ್ ಪೀಪಾಯಿಯಲ್ಲಿ ವೈನ್ ಮಾಗಿಸುವ ಪದ್ಧತಿ ಇಲ್ಲಿ ಬೇರೂರಿತು. ಪೀಪಾಯಿಯ ಮೂಲಕ ಅತಿ ನಿಧಾನವಾಗಿ ಸೇರುವ ಆಮ್ಲಜನಕದಿಂದ ಟ್ಯಾನಿನ್ ಮತ್ತು ಬಣ್ಣದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಒಗರು ಮೃದುವಾಗುತ್ತದೆ. ಇಲ್ಲಿ ಹೆಚ್ಚಾಗಿ ಬಳಸುತ್ತ ಬಂದಿರುವ ಅಮೆರಿಕದ ಓಕ್ ವೆನಿಲ್ಲಾ ಮತ್ತು ತೆಂಗಿನಕಾಯಿಯ ಪರಿಮಳವನ್ನೂ ಕೊಡುತ್ತದೆ. ಕೆಂಪು ವೈನಿನ ಸೀಸೆಯ ಮೇಲೆ ‘ಗ್ರಾನ್ ರೆಸೆರ್ವಾ’ ಎಂದಿದ್ದರೆ ಅದು ಕನಿಷ್ಠ 5 ವರ್ಷ ಮಾಗಿದ್ದು, ಅದರಲ್ಲಿ 2 ವರ್ಷವಾದರೂ ಪೀಪಾಯಿಯಲ್ಲಿ ಕಳೆದಿದೆ ಎಂದು ತಿಳಿಯಬೇಕು.

ಸವಿಯುವಾಗ ಲೋಟವನ್ನು ಬಿಳಿ ಬಟ್ಟೆಯ ಮುಂದೆ ಓರೆಯಾಗಿ ಹಿಡಿದರೆ, ಎಳೆಯ ವೈನಿನ ಅಂಚು ನೇರಳೆಯಾಗಿಯೂ ಹಳೆಯದರ ಅಂಚು ಇಟ್ಟಿಗೆಯ ಕೆಂಪಾಗಿಯೂ ಕಾಣುತ್ತದೆ. ನಂತರ ಲೋಟವನ್ನು ತಿರುಗಿಸಿ ಮೂಸಬೇಕು, ಒಂದು ಗುಟುಕನ್ನು ಬಾಯೊಳಗೆ ಆಡಿಸಬೇಕು. ಆಗ ಆವಿ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎಂದುಕೊಳ್ಳುವುದರಲ್ಲಿ ಬಹುಪಾಲು ಈ ದಾರಿಯಲ್ಲಿ ಬಂದ ಪರಿಮಳವೇ.

ಬರಿಯ ವೈನನ್ನು ಗುಟುಕು ಗುಟುಕಾಗಿ ಕುಡಿಯುತ್ತ ಹೋದರೆ ಒಗರು ಕೂಡುತ್ತ ಹೋಗುತ್ತದೆ. ಕೊಬ್ಬಿನ ಮಾಂಸವನ್ನಷ್ಟೇ ತಿಂದರೆ ಬಾಯಿ ಜಿಡ್ಡುಗಟ್ಟುತ್ತದೆ. ಅಮೆರಿಕದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬಿನಂಶದ ಒಣಮಾಂಸ ಮತ್ತು ಒಗರಾದ ಚಹಾವನ್ನು ಒಂದಾದ ಮೇಲೊಂದು ಸೇವಿಸಿದಾಗ ಒಗರು ಮತ್ತು ಜಿಡ್ಡು ಒಂದನ್ನೊಂದು ತಗ್ಗಿಸಿದವು. ಕುರಿಮರಿಯ ಮಾಂಸ ಮತ್ತು ವೈನಿನ ಜೋಡಿಯಲ್ಲೂ ನಡೆಯುವುದು ಇದೇ; ಮೇಲಾಗಿ ಮಾಂಸದ ಉಪ್ಪು ವೈನಿನ ಕಹಿಯನ್ನು ತಗ್ಗಿಸುತ್ತದೆ.

ಖಾರದ ವಿಷಯ ಬೇರೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಕೆರಳಿಸುವ, ಬಾಯಲ್ಲಿ ಶಾಖವನ್ನು ಗುರುತಿಸುವ ನರದ ಗ್ರಾಹಕವನ್ನೇ ವೈನಿನ ಮದ್ಯಸಾರವೂ ಕೆರಳಿಸುವುದರಿಂದ ಉರಿ ಹೆಚ್ಚುತ್ತದೆ. ರಿಯೋಹಾದವರು ಚೊರೀಜೊ ಸಾಸೇಜ್ ಹಾಕಿ ಬೇಯಿಸುವ ಆಲೂಗಡ್ಡೆ ಕೆಂಪಗಿದ್ದರೂ ಅದರಲ್ಲಿರುವುದು ಖಾರವಿಲ್ಲದ ಒಣಮೆಣಸು. ಆ ಬಣ್ಣವನ್ನು ನಂಬಿ ನಮ್ಮ ಗುಂಟೂರು ಮೆಣಸಿನ ಸಾರಿನ ಜೊತೆಗೆ ಇದೇ ವೈನ್ ಇಟ್ಟರೆ ಎರಡೂ ಕೆಡುತ್ತವೆ. ಮೀನಿನ ಜೊತೆ ಕೆಂಪು ವೈನ್ ಬೇಡವೆನ್ನುವ ಮಾತಿಗೂ ಆಧಾರವಿದೆ: ವೈನಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದಷ್ಟೂ ಕಡಲಾಹಾರ ತಿಂದ ಬಾಯಲ್ಲಿ ಹಸಿಮೀನಿನ ವಾಸನೆ ಹೆಚ್ಚುವುದನ್ನು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಕಬ್ಬಿಣ ಕಡಿಮೆಯಿರುವ ಕೆಂಪು ವೈನಿನಲ್ಲಿ ಆ ತೊಂದರೆ ಅಷ್ಟಾಗಿ ಕಾಣಲಿಲ್ಲ.